ಸ್ಕ್ಯಾನರ್ ಇಟ್ಟ ಅಂಗಡಿಯಲ್ಲಿ ದುಡ್ಡು ಉಳಿಸಿಕೊಳ್ಳುವುದು ಹೇಗೆ?

ನಾನು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ದುಡ್ಡು, ಕಟ್ಟಿಸಿಕೊಳ್ಳುತ್ತಿದ್ದವಳು. ಶ್ರೀರಾಂಪುರದಿಂದ ಮಲ್ಲೇಶ್ವರದ ಎಂಟನೇ ಕ್ರಾಸ್‌ವರೆಗೆ ನನ್ನ ಲೈನು. ಹೂವಿನವರು, ಕಾಂಡಿಮೆಂಟ್ಸ್, ಬೇಕರಿ, ಟೈಲರ್, ಬಳೆ ಅಂಗಡಿ, ಇಸ್ತ್ರಿಯವರು. ಸಂಜೆಯಾದರೆ ಇವರೆಲ್ಲರ ಗಲ್ಲಾಪೆಟ್ಟಿಗೆ ಮುಂದೆ ಹೋಗಿ ನಿಲ್ಲುವುದು ನನ್ನ ಕೆಲಸ. ಮೊದಲು ಕಾರ್ಬನ್ ಹಾಳೆ ಇಟ್ಟು ಬರೆಯುವ ರಸೀದಿ ಪುಸ್ತಕ ಇತ್ತು. ಆಮೇಲೆ ಅಂಗೈಯಗಲದ ಮೆಷಿನ್ ಬಂತು. ಕೊನೆಗೆ ಮೊಬೈಲ್ ಆ್ಯಪ್. ಈಗ ಲೈನ್ ಬಿಟ್ಟಿದ್ದೇನೆ, ಆದರೆ ಅಂಗಡಿಯವರು ಫೋನ್ ಮಾಡುವುದು ಬಿಟ್ಟಿಲ್ಲ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ.

"ಅಕ್ಕ, ದಿನವೆಲ್ಲಾ ಸ್ಕ್ಯಾನರ್ ಬಾಕ್ಸ್ ದುಡ್ಡು ಬಂತು ಅಂತ ಕೂಗ್ತಾನೇ ಇರುತ್ತೆ. ತಿಂಗಳ ಕೊನೆಗೆ ನೋಡಿದ್ರೆ ಅಕೌಂಟಲ್ಲಿ ಏನೂ ಇರಲ್ಲ. ದುಡ್ಡು ಎಲ್ಲಿ ಹೋಗುತ್ತೆ?"

ವ್ಯಾಪಾರ ಕಡಿಮೆಯಾಗಿಲ್ಲ, ಯಾರೂ ಕದ್ದಿಲ್ಲ. ಎಣಿಸುವ ಅಭ್ಯಾಸ ತಪ್ಪಿಹೋಗಿದೆ. ಅದನ್ನು ಮತ್ತೆ ಹೇಗೆ ರೂಢಿ ಮಾಡಿಕೊಳ್ಳುವುದು ಅಂತ ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪಿಗ್ಮಿ ನಮ್ಮ ಕರಾವಳಿಯವರು ಕಂಡುಹಿಡಿದದ್ದು. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಈ ಸ್ಕೀಮ್ ತಂದಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. (ಆ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿತು.) ಪಿಗ್ಮಿಗೆ ಬಡ್ಡಿ ಯಾವತ್ತೂ ಜಾಸ್ತಿ ಇರಲಿಲ್ಲ. ಆದರೂ ಜನ ಯಾಕೆ ಕಟ್ಟುತ್ತಿದ್ದರು? ಸಂಜೆ ಒಬ್ಬಳು ಬಂದು ಎದುರಿಗೆ ನಿಲ್ಲುತ್ತಾಳೆ. ಅವಳಿಗೆ ಕೊಡಬೇಕು ಅಂದರೆ ಗಲ್ಲಾ ತೆರೆಯಬೇಕು, ನೋಟು ಎಣಿಸಬೇಕು, ನಾಳೆ ಮಾಲಿಗೆ ಎಷ್ಟು ಬೇಕು ಅಂತ ಮನಸ್ಸಲ್ಲೇ ತೆಗೆದಿಡಬೇಕು. "ಇವತ್ತು ಬೇಡ ಅಕ್ಕ, ನಾಳೆ ಡಬಲ್ ತಗೊಳ್ಳಿ" ಅನ್ನುವುದಕ್ಕೂ ಒಂದು ಲೆಕ್ಕ ಮಾಡಿರಲೇಬೇಕು. ಹಾಗೆ ದಿನಕ್ಕೊಮ್ಮೆ ಅಂಗಡಿಯ ಲೆಕ್ಕ ತಾನಾಗಿಯೇ ಆಗಿಬಿಡುತ್ತಿತ್ತು. ಸ್ಕ್ಯಾನರ್ ದುಡ್ಡನ್ನು ಯಾರೂ ಎಣಿಸಬೇಕಾಗಿಲ್ಲ. ಅದು ಬರುತ್ತದೆ, ಕೂಗುತ್ತದೆ, ಹೋಗುತ್ತದೆ.

ಹಾಗಂತ ಸ್ಕ್ಯಾನರ್ ಕಿತ್ತುಹಾಕಿ ಅನ್ನುವವಳಲ್ಲ ನಾನು. ಯುಪಿಐ ಬಂದದ್ದು 2016ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ನೋಟ್ ಬ್ಯಾನ್ ಆದಾಗ ನನ್ನ ಲೈನಲ್ಲಿ ಅರ್ಧ ಅಂಗಡಿಗಳು ಪಿಗ್ಮಿ ಕಟ್ಟುವುದಿರಲಿ, ಚಿಲ್ಲರೆಗೇ ಪರದಾಡಿದವು. ಈಗ ಚಿಲ್ಲರೆ ಜಗಳವಿಲ್ಲ, ಚಿಲ್ಲರೆ ಬದಲು ಚಾಕೊಲೇಟ್ ಕೊಡುವುದಿಲ್ಲ, ಹರಿದ ನೋಟಿನ ತಕರಾರಿಲ್ಲ. 2020ರ ಜನವರಿಯಿಂದ ಯುಪಿಐ ಮೇಲೆ ಅಂಗಡಿಯವರಿಂದ ಕಮಿಷನ್ ಹಿಡಿಯುವಂತೆಯೂ ಇಲ್ಲ. ಬಾಕ್ಸಿಗೆ ತಿಂಗಳ ಬಾಡಿಗೆ ಹಿಡಿಯುತ್ತಾರೆ, ಅದು ಬೇರೆ ಮಾತು. ಎಷ್ಟು ಹಿಡಿಯುತ್ತಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ. ಸುಮಾರು ಜನಕ್ಕೆ ಬಾಡಿಗೆ ಇದೆ ಅನ್ನುವುದೇ ಗೊತ್ತಿಲ್ಲ.

ಮೊದಲ ಕೆಲಸ: ಅಂಗಡಿಗೊಂದು, ಮನೆಗೊಂದು ಅಕೌಂಟ್

ಮಿಕ್ಕಿದ್ದೆಲ್ಲಾ ಆಮೇಲೆ. ಅಂಗಡಿಯ ಸ್ಕ್ಯಾನರ್‌ಗೆ ಬರುವ ದುಡ್ಡು ಒಂದು ಅಕೌಂಟಿಗೆ ಬರಲಿ, ಮನೆಯದ್ದು ಇನ್ನೊಂದರಲ್ಲಿ ಇರಲಿ. ಎರಡೂ ಬೇರೆ ಬ್ಯಾಂಕಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯದ್ದಕ್ಕೆ ಕರೆಂಟ್ ಅಕೌಂಟ್ ಮಾಡಿಸಿ ಅಂತ ಬ್ಯಾಂಕಿನವರು ಹೇಳುತ್ತಾರೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಮಿನಿಮಂ ಬ್ಯಾಲೆನ್ಸ್ ಇಡಬೇಕು. ಎಷ್ಟು ಅಂತ ಎರಡು ಮೂರು ಬ್ರಾಂಚಲ್ಲಿ ಕೇಳಿ. ಅಂಗಡಿಯ ದಾಖಲೆ ಕೇಳಿದರೆ ಉದ್ಯಮ್ ಅನ್ನುವ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಲ್ಲೇ ಆಗುತ್ತದೆ, ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಾಗಿಲ್ಲ. ಫೀ ಕೇಳುವವರು ತಮ್ಮ ಜೇಬಿಗೆ ಕೇಳುತ್ತಿದ್ದಾರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತರಿಸಿಕೊಂಡು ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದರು. ರಾತ್ರೋರಾತ್ರಿ ಸ್ಕ್ಯಾನರ್‌ಗಳು ಮಾಯವಾದವು. 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದರು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆಸಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ಗಲಾಟೆ ತಣ್ಣಗಾಯಿತು.

ಆ ದಿನಗಳಲ್ಲಿ ನನ್ನ ಹತ್ತಿರ ನೋಟಿಸ್ ಹಿಡಿದು ಬಂದವರ ಸ್ಟೇಟ್‌ಮೆಂಟ್ ಕೂತು ನೋಡಿದ್ದೇನೆ. ವ್ಯಾಪಾರದ ದುಡ್ಡಿನ ಜೊತೆಗೆ ಏನೇನು ಇತ್ತು ಗೊತ್ತಾ? ಚೀಟಿ ಎತ್ತಿದ ದುಡ್ಡು. ಭಾವಮೈದ ವಾಪಸ್ ಕೊಟ್ಟ ಕೈಸಾಲ. ಪಕ್ಕದ ಅಂಗಡಿಯವರು "ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ" ಅಂತ ಹಾಕಿದ ಸಾವಿರಗಳು. ಮಗಳ ಮದುವೆಗೆ ನೆಂಟರು ಹಾಕಿದ ಮುಯ್ಯಿ. ಎಲ್ಲಾ ಒಂದೇ ಸ್ಕ್ಯಾನರ್‌ಗೆ. ಕಂಪ್ಯೂಟರಿಗೆ ಮುಯ್ಯಿಯೂ ಒಂದೇ, ಮುನ್ನೂರು ರೂಪಾಯಿ ಬಾದಾಮಿ ಬರ್ಫಿಯೂ ಒಂದೇ. ಬಂದದ್ದೆಲ್ಲಾ ವ್ಯಾಪಾರ. ಇದು ವ್ಯಾಪಾರವಲ್ಲ ಅಂತ ತೋರಿಸುವ ಕಷ್ಟ ನಿಮ್ಮದು. ಅಕೌಂಟ್ ಬೇರೆ ಇದ್ದರೆ ಆ ಕಷ್ಟವೇ ಇಲ್ಲ.

ನಿಯಮ ತಿಳಿದುಕೊಂಡಿರಿ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ಕೊಡುವವರಿಗೆ, ಹೋಟೆಲಿಗೆ, 20 ಲಕ್ಷ. ಇದು ಲಾಭವಲ್ಲ, ವಹಿವಾಟು, ಅದೂ ನಗದು ಮತ್ತು ಸ್ಕ್ಯಾನರ್ ಎರಡೂ ಸೇರಿ. ಹಾಗಾಗಿ ಸ್ಕ್ಯಾನರ್ ತೆಗೆದು ಬರೀ ನಗದು ತೆಗೆದುಕೊಂಡರೆ ಕಾನೂನಿನಿಂದ ಹೊರಗೆ ಬಂದಂತಲ್ಲ. ತರಕಾರಿ, ಹಣ್ಣು, ಹೂವು, ಹಾಲು ಇಂಥ ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಮಿತಿ ದಾಟಿದವರಿಗೆ ಕಾಂಪೊಸಿಷನ್ ಅಂತ ಸುಲಭದ ದಾರಿ ಇದೆ. ಒಂದೂವರೆ ಕೋಟಿ ವಹಿವಾಟಿನವರೆಗೆ ಅಂಗಡಿಯವರು ನೂರಕ್ಕೆ 1, ಹೋಟೆಲಿನವರು ನೂರಕ್ಕೆ 5 ಕಟ್ಟಬೇಕು. ಆದರೆ ಅದನ್ನು ಗಿರಾಕಿಯ ಬಿಲ್ಲಿಗೆ ಹಾಕುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ನಿಮಗೆ ಯಾವುದು ಸರಿ ಅಂತ ಆಡಿಟರ್ ಹತ್ತಿರ ಒಂದು ಸಲ ಕೂತು ಕೇಳಿ. ಪಕ್ಕದ ಅಂಗಡಿಯವರ ಮಾತು ಕೇಳಿ ನಿರ್ಧಾರ ಮಾಡಬೇಡಿ.

ಶಟರ್ ಎಳೆಯುವ ಮುಂಚೆ

ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆ್ಯಪ್ ಬೇಡ. ಆ್ಯಪಲ್ಲಿ ಲೆಕ್ಕ ಬರೆಯೋಣ ಅಂತ ಫೋನ್ ತೆಗೆದರೆ ರೀಲ್ಸ್ ನೋಡಿ ಎದ್ದುಹೋಗುತ್ತೀರಿ. ರಾತ್ರಿ ಅಂಗಡಿ ಮುಚ್ಚುವ ಮೊದಲು ಗಲ್ಲಾದ ನಗದು ಎಣಿಸಿ ಬರೆಯಿರಿ. ಸ್ಕ್ಯಾನರ್ ಆ್ಯಪ್ ತೆರೆದು ಇವತ್ತಿನ ಒಟ್ಟು ಬರೆಯಿರಿ. ಮಾಲಿಗೆ ಎಷ್ಟು ಕೊಟ್ಟಿರಿ, ಎಷ್ಟು ಕೊಡಬೇಕು, ಬರೆಯಿರಿ. ಮನೆಗೆ ಎಷ್ಟು ತೆಗೆದಿರಿ ಅನ್ನುವುದು ಕೊನೆಯದು, ಮುಖ್ಯವಾದದ್ದೂ ಅದೇ.

ಒಂದು ಕಾಂಡಿಮೆಂಟ್ಸ್ ಅಂಗಡಿ ಇಟ್ಟುಕೊಳ್ಳೋಣ. ಸ್ಕ್ಯಾನರ್‌ಗೆ 8,400 ಬಂತು, ಗಲ್ಲಾದಲ್ಲಿ 3,100. ಒಟ್ಟು 11,500. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಹಾಲು, ಬನ್ನು, ಚಿಪ್ಸು, ಸಿಗರೇಟು, ಎಲ್ಲಾ ಸೇರಿ ಮಾಲಿನ ಬೆಲೆ 8,900. ಬಾಡಿಗೆ, ಕರೆಂಟು ತಿಂಗಳಿಗೆ 27,000 ಅಂದರೆ ದಿನಕ್ಕೆ 900. ಹುಡುಗನ ಸಂಬಳ 500. ಉಳಿದದ್ದು 1,200. ಇದೇ ಅಂಗಡಿ ವರ್ಷವಿಡೀ ತೆರೆದಿದ್ದರೆ ವಹಿವಾಟು 41 ಲಕ್ಷ ದಾಟಿ ಜಿಎಸ್‌ಟಿ ಮಿತಿಗೂ ಬರುತ್ತದೆ. ಕೈಗೆ ಬರುವುದು ಮಾತ್ರ ದಿನಕ್ಕೆ 1,200.

ಫೋನಲ್ಲಿ ಬ್ಯಾಲೆನ್ಸ್ ನೋಡಿದರೆ ಅದು 1,200 ಅಂತ ತೋರಿಸುವುದಿಲ್ಲ. ಹಾಲಿನವರಿಗೆ, ಏಜೆನ್ಸಿಯವರಿಗೆ ಕೊಡಬೇಕಾದದ್ದೂ ಅದರಲ್ಲೇ ಇರುತ್ತದೆ. ನಲವತ್ತು ಸಾವಿರ ಕಂಡರೆ ನಲವತ್ತು ಸಾವಿರವೂ ನಮ್ಮದೇ ಅನಿಸುತ್ತದೆ. ಮಗನ ಫೋನ್ ರೀಚಾರ್ಜ್, ಗ್ಯಾಸು, ಸ್ಕೂಲ್ ವ್ಯಾನು, ಭಾನುವಾರದ ಬಿರಿಯಾನಿ ಆರ್ಡರ್, ಎಲ್ಲಾ ಅಲ್ಲಿಂದಲೇ ಹೋಗುತ್ತದೆ. ಮೊದಲು ಮನೆಯವರಿಗೆ ದುಡ್ಡು ಬೇಕಾದರೆ ಗಲ್ಲಾದಿಂದ ನೋಟು ತೆಗೆದು ಕೈಗೆ ಕೊಡಬೇಕಿತ್ತು. ಕೊಡುವವರಿಗೂ ಗೊತ್ತಾಗುತ್ತಿತ್ತು, ತೆಗೆದುಕೊಳ್ಳುವವರಿಗೂ ಗೊತ್ತಾಗುತ್ತಿತ್ತು. ಈಗ ದಿನಕ್ಕೆ 1,500 ಹೋದರೂ ಯಾರಿಗೂ ತಿಳಿಯುವುದಿಲ್ಲ. ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದಿರಲ್ಲ, ಹೆಚ್ಚಿನ ಅಂಗಡಿಗಳಲ್ಲಿ ಹೋಗಿರುವುದು ಇಲ್ಲೇ.

ಇದಕ್ಕೆ ಉಪಾಯ, ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳುವುದು. ವಾರಕ್ಕೊಮ್ಮೆ, ಸೋಮವಾರ ಅಂತಿಟ್ಟುಕೊಳ್ಳಿ, ಅಂಗಡಿ ಅಕೌಂಟಿನಿಂದ ಮನೆ ಅಕೌಂಟಿಗೆ ಒಂದೇ ಮೊತ್ತ ಹಾಕಿ. ಮನೆ ಖರ್ಚೆಲ್ಲಾ ಅದರಿಂದ. ಗುರುವಾರಕ್ಕೇ ಖಾಲಿಯಾದರೆ ಮನೆಯವರೆಲ್ಲಾ ಕೂತು ಮಾತಾಡಬೇಕು. ಮೊದಲ ವಾರಗಳಲ್ಲಿ ಜಗಳ ಆಗುತ್ತದೆ. ಆಗಲಿ ಬಿಡಿ.

ನಿಮ್ಮ ಪಿಗ್ಮಿ ನೀವೇ ಕಟ್ಟಿ

ಇನ್ನೊಂದು ಅಕೌಂಟ್ ಬೇಕು, ಮೂರನೆಯದು. ಅದನ್ನು ಯಾವ ಯುಪಿಐ ಆ್ಯಪಿಗೂ ಸೇರಿಸಬೇಡಿ. ಎಟಿಎಂ ಕಾರ್ಡೂ ಬೇಡ. ದುಡ್ಡು ಹಾಕುವುದು ಸುಲಭವಾಗಿರಬೇಕು, ತೆಗೆಯಬೇಕಾದರೆ ಬ್ರಾಂಚಿಗೆ ಹೋಗಿ ಕ್ಯೂ ನಿಲ್ಲಬೇಕು. ಹಿಂದೆ ಪಿಗ್ಮಿ ಮುರಿಸಬೇಕಾದರೆ ನನ್ನ ಹತ್ತಿರ ಬಂದು "ಅಕ್ಕ, ಅರ್ಜೆಂಟ್ ಇದೆ" ಅಂತ ಹೇಳಬೇಕಿತ್ತು. ಹೇಳುವ ಸಂಕೋಚಕ್ಕೇ ಎಷ್ಟೋ ಜನ ಮುರಿಸುತ್ತಿರಲಿಲ್ಲ. ನಾನೂ "ಏನು ಅಣ್ಣ ಅಂಥ ಅರ್ಜೆಂಟು?" ಅಂತ ಕೇಳದೆ ಬಿಡುತ್ತಿರಲಿಲ್ಲ. ಆ ತೊಡಕನ್ನು ಈಗ ನೀವೇ ಹುಟ್ಟಿಸಿಕೊಳ್ಳಬೇಕು.

ಲೆಕ್ಕ ಬರೆದ ಮೇಲೆ, ಶಟರ್ ಎಳೆಯುವ ಮೊದಲು, ಆ ಅಕೌಂಟಿಗೆ 200 ರೂಪಾಯಿ ಕಳಿಸಿ. ವ್ಯಾಪಾರ ಇಲ್ಲದ ದಿನ 50. ಸೊನ್ನೆ ಮಾತ್ರ ಬೇಡ. ದಿನಕ್ಕೆ 200 ಅಂದರೆ ವರ್ಷಕ್ಕೆ 73,000. ದಸರಾ ಮುಂಚೆ ಮಾಲು ತುಂಬಿಸಲು, ಸ್ಕೂಲ್ ಫೀಸಿಗೆ ಮೀಟರ್ ಬಡ್ಡಿಯವರ ಮನೆ ಬಾಗಿಲು ತಟ್ಟುವುದು ತಪ್ಪುತ್ತದೆ. ತಾನೇ ಕಟ್ ಆಗುವ ಹಾಗೆ ಆಟೋಪೇ ಹಾಕಬಹುದಲ್ಲ ಅಂತ ಹುಡುಗರು ಕೇಳುತ್ತಾರೆ. ಹಾಕಬಹುದು. ಆದರೆ ಆಗ ಎಣಿಸುವುದು ಮತ್ತೆ ತಪ್ಪುತ್ತದೆ. ಬೆರಳಿಂದಲೇ ಕಳಿಸಿ.

ದಿನಕ್ಕೆ ಹತ್ತು ರೂಪಾಯಿ ಹಾಕಿ ಚಿನ್ನ ಕೊಳ್ಳಿ ಅನ್ನುವ ಆ್ಯಪ್‌ಗಳೂ ಇವೆ. ಆ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿಲ್ಲ ಅಂತ ಷೇರುಪೇಟೆ ನೋಡಿಕೊಳ್ಳುವ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವಾಗಲೇ ನೂರಕ್ಕೆ 3 ಜಿಎಸ್‌ಟಿ ಹೋಗುತ್ತದೆ. ಮಾರುವಾಗ ಸಿಗುವ ರೇಟೂ ಕಡಿಮೆ. ನನಗಂತೂ ಇಷ್ಟವಿಲ್ಲ.

ಇವತ್ತಿಗೂ ಪಿಗ್ಮಿಯವರು ಬರುವ ಬೀದಿಗಳಿವೆ. ಕಟ್ಟುವ ಹಾಗಿದ್ದರೆ ಒಂದೇ ಪ್ರಶ್ನೆ ಕೇಳಿ: ಇದು ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಬ್ಯಾಂಕಾ, ಸೊಸೈಟಿಯಾ? ಬ್ಯಾಂಕ್ ಮುಳುಗಿದರೆ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಬರೀ 1 ಲಕ್ಷ ಇತ್ತು. ಸೊಸೈಟಿಗೆ, ಅಂದರೆ ಪತ್ತಿನ ಸಹಕಾರ ಸಂಘಕ್ಕೆ, ಆ ವಿಮೆ ಇಲ್ಲ. ಬೋರ್ಡಿನ ಮೇಲೆ ಸಹಕಾರಿ ಅಂತ ಇದ್ದರೆ ಸಾಲದು, ಲೈಸೆನ್ಸ್ ತೋರಿಸಿ ಅನ್ನಿ. ನೂರಕ್ಕೆ ಒಂದೂವರೆ ಎರಡು ಬಡ್ಡಿ ಜಾಸ್ತಿ ಅಂತ ಹೋಗಿ ಅಸಲಿಗೇ ಅಲೆಯುವವರನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ.

ಉಲ್ಟಾ ಪಿಗ್ಮಿ

ಸ್ಕ್ಯಾನರ್ ಆ್ಯಪ್ ತೆರೆದರೆ ಮೇಲೇ ಒಂದು ಬಣ್ಣದ ಪಟ್ಟಿ ಬರುತ್ತದೆ: ನಿಮಗೆ 1 ಲಕ್ಷ ಸಾಲ ರೆಡಿ ಇದೆ, ದಿನಕ್ಕೆ ಬರೀ 400. ಸ್ಕ್ಯಾನರ್‌ಗೆ ಬರುವ ದುಡ್ಡಿನಿಂದಲೇ ದಿನದಿನ ಕಟ್ ಆಗುತ್ತದೆ. ನಾನು ದಿನವೂ ಬಂದು ನಿಮ್ಮ ದುಡ್ಡನ್ನು ನಿಮಗೇ ಕೂಡಿಸಿಡುತ್ತಿದ್ದೆ. ಇದು ದಿನವೂ ಬಂದು ತನ್ನದನ್ನು ತೆಗೆದುಕೊಂಡು ಹೋಗುತ್ತದೆ. ಅದಕ್ಕೇ ನಾನಿದನ್ನು ಉಲ್ಟಾ ಪಿಗ್ಮಿ ಅನ್ನುತ್ತೇನೆ.

ಲೆಕ್ಕ ಮಾಡಿ. ದಿನಕ್ಕೆ 400ರಂತೆ 300 ದಿನ ಕಟ್ಟಿದರೆ 1,20,000. "ಒಂದು ಲಕ್ಷಕ್ಕೆ ಇಪ್ಪತ್ತು ಸಾವಿರ ತಾನೇ, ನೂರಕ್ಕೆ ಇಪ್ಪತ್ತು" ಅಂತ ಎಲ್ಲರೂ ಅನ್ನುತ್ತಾರೆ. ಅಲ್ಲ. ಆ ಲಕ್ಷ ಮುನ್ನೂರು ದಿನವೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ದಿನದಿಂದಲೇ ವಾಪಸ್ ಹೋಗುತ್ತಿರುತ್ತದೆ. ಅರ್ಧ ದಾರಿಗೆ ಬಂದಾಗ ನಿಮ್ಮ ಹತ್ತಿರ ಉಳಿದಿರುವುದು ಹೆಚ್ಚುಕಡಿಮೆ ಅರ್ಧ. ಹಾಗಾಗಿ ನಿಜವಾದ ಬಡ್ಡಿ ವರ್ಷಕ್ಕೆ ನೂರಕ್ಕೆ 45ರ ಆಸುಪಾಸು. ಪ್ರೊಸೆಸಿಂಗ್ ಫೀ ಹಿಡಿದರೆ ಇನ್ನೂ ಮೇಲೆ. ನಮ್ಮ ಕಾಂಡಿಮೆಂಟ್ಸ್ ಅಂಗಡಿಯ 1,200ರಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಅಂಗಡಿ ರಜೆ ಇದ್ದ ದಿನ ಏನು ಮಾಡುತ್ತಾರೆ ಅಂತಲೂ ಕೇಳಿಕೊಳ್ಳಿ.

ಈ ಲೆಕ್ಕ ನೀವೇ ಮಾಡಬೇಕೆಂದೂ ಇಲ್ಲ. 2024ರ ಅಕ್ಟೋಬರ್‌ನಿಂದ ಸಾಲ ಕೊಡುವವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ. ಎಲ್ಲಾ ಖರ್ಚೂ ಸೇರಿದ ವರ್ಷದ ಬಡ್ಡಿ ಅದು. ಬೇರೇನೂ ಓದದಿದ್ದರೂ ಆ ಒಂದು ಸಾಲು ಓದಿ. ತೆಗೆದುಕೊಂಡ ಮೇಲೆ ಬೇಡ ಅನಿಸಿದರೆ ಕನಿಷ್ಠ ಒಂದು ದಿನದ ಅವಕಾಶವೂ ಇದೆ. ಅಸಲು ಮತ್ತು ಆ ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಗೆ ಬರಬಹುದು. ಪ್ರೊಸೆಸಿಂಗ್ ಫೀ ಮಾತ್ರ ವಾಪಸ್ ಬರದೇ ಹೋಗಬಹುದು.

ಬೀದಿ ಬದಿ ವ್ಯಾಪಾರಿಗಳಾದರೆ ಮೊದಲು ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಕೇಳಿ. ಮೊದಲ ಸಲ 15,000, ಸರಿಯಾಗಿ ಕಟ್ಟಿದರೆ 25,000, ಆಮೇಲೆ 50,000. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಬಡ್ಡಿಯಲ್ಲಿ ನೂರಕ್ಕೆ 7ರಷ್ಟು ಸರ್ಕಾರವೇ ಕೊಡುತ್ತದೆ.

ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ನನ್ನ ಕಾಲದಲ್ಲಿ ಸಾಲ ಬೇಕಾದರೆ ಮ್ಯಾನೇಜರ್ ನನ್ನನ್ನು ಕರೆದು "ಮನುಷ್ಯ ಹೇಗಮ್ಮ?" ಅಂತ ಕೇಳುತ್ತಿದ್ದರು. ನನ್ನ ಮಾತಿಗೆ ಬೆಲೆ ಇತ್ತು, ಅದು ನನಗೆ ಖುಷಿ. ಆದರೆ ಯಾರ ಪರಿಚಯವೂ ಇಲ್ಲದವರಿಗೆ, ಗಂಡನ ಸಹಿ ತರಲಾಗದ ಹೆಂಗಸರಿಗೆ, ಅದೇ ಬಾಗಿಲು ಮುಚ್ಚಿರುತ್ತಿತ್ತು. ಆ್ಯಪ್ ಜಾತಿ ಕೇಳುವುದಿಲ್ಲ, ಯಾರ ಕಡೆಯವರು ಅಂತ ಕೇಳುವುದಿಲ್ಲ. ಸ್ಕ್ಯಾನರ್‌ಗೆ ಬಂದ ದುಡ್ಡು ನೋಡುತ್ತದೆ ಅಷ್ಟೆ. ಬಳೆ ಅಂಗಡಿಯ ಹೆಂಗಸೊಬ್ಬರಿಗೆ ಜೀವನದಲ್ಲಿ ಮೊದಲ ಸಾಲ ಸಿಕ್ಕಿದ್ದು ಹೀಗೇ. ಅವರ ಖುಷಿ ನೋಡಿ ಬಡ್ಡಿ ದುಬಾರಿ ಅಂತ ಹೇಳಲು ನನಗೇ ಬಾಯಿ ಬರಲಿಲ್ಲ. ಒಂದು ವಾರ ಬಿಟ್ಟು ಹೇಳಿದೆ.

ಮೋಸ, ಮತ್ತೆ ಬ್ಲಾಕ್ ಆದ ಅಕೌಂಟ್

ಮೋಸದ ಬಗ್ಗೆ ದಿನಾ ಕೇಳುತ್ತೀರಿ, ಚುಟುಕಾಗಿ ಹೇಳುತ್ತೇನೆ. ಗಿರಾಕಿಯ ಫೋನಲ್ಲಿ ಕಾಣುವ ಹಸಿರು ಟಿಕ್ ನಂಬಬೇಡಿ, ನಿಮ್ಮ ಫೋನಲ್ಲಿ ಬಂದಿದೆಯಾ ನೋಡಿ. ಬೆಳಿಗ್ಗೆ ಬಾಗಿಲು ತೆಗೆದಾಗ ಬೋಣಿಗೆ ಮುಂಚೆ ನೀವೇ ಒಂದು ರೂಪಾಯಿ ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುತ್ತಾ ಪರೀಕ್ಷಿಸಿ. ರಾತ್ರಿ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ದುಡ್ಡು ಬರಬೇಕಾದರೆ ಪಿನ್ ಹಾಕುವ ಅಗತ್ಯವೇ ಇಲ್ಲ. ದುಡ್ಡು ಹೋದರೆ ಆ ಕ್ಷಣವೇ ಸೈಬರ್ ಮೋಸದ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ, ಮನೆಯವರಿಗೆ ಹೇಳುವುದು ಆಮೇಲೆ.

ಇನ್ನೊಂದು ತೊಂದರೆ ಬಗ್ಗೆ ಕಡಿಮೆ ಜನಕ್ಕೆ ಗೊತ್ತು. ಯಾರೋ ಎಲ್ಲೋ ಮೋಸ ಮಾಡಿದ ದುಡ್ಡಲ್ಲಿ ನಿಮ್ಮ ಅಂಗಡಿಯಲ್ಲಿ ಮುನ್ನೂರು ರೂಪಾಯಿ ಸಾಮಾನು ಕೊಳ್ಳುತ್ತಾರೆ. ದೂರು ದಾಖಲಾದ ಮೇಲೆ ಆ ದುಡ್ಡು ಹೋದ ದಾರಿ ಹಿಡಿದು ಪೊಲೀಸರು ಬರುತ್ತಾರೆ. ನಿಮ್ಮ ಅಕೌಂಟಲ್ಲೂ ಅಷ್ಟು ಮೊತ್ತ ತಡೆಹಿಡಿಯಬಹುದು, ಕೆಲವೊಮ್ಮೆ ಅಕೌಂಟೇ ನಿಲ್ಲಬಹುದು. ಗಾಬರಿಯಾಗಬೇಡಿ. ಬ್ರಾಂಚಿಗೆ ಹೋಗಿ ದೂರಿನ ನಂಬರ್ ಯಾವುದು, ಯಾವ ರಾಜ್ಯದ ಯಾವ ಠಾಣೆ ಅಂತ ಬರವಣಿಗೆಯಲ್ಲಿ ಕೇಳಿ. ಆ ದಿನದ ನೋಟ್‌ಬುಕ್ ಪುಟ, ಮಾಲಿನ ಬಿಲ್ಲು ಕೊಡಿ. ನೀವೇ ಅಂಗಡಿ ನಡೆಸುತ್ತಿದ್ದೀರಿ ಅನ್ನುವುದಕ್ಕೆ ಆ ಪುಟವೂ ಒಂದು ಆಧಾರ. ಇದು ಬಗೆಹರಿಯುವ ತನಕ ಮನೆ ನಡೆಯುವುದು ಮನೆ ಅಕೌಂಟಿನಿಂದ, ಮಾಲು ಬರುವುದು ಗಲ್ಲಾದ ನಗದಿನಿಂದ. ಅದಕ್ಕೇ ಎರಡು ದಿನದ ಮಾಲಿಗಾಗುವಷ್ಟು ನಗದು ಯಾವಾಗಲೂ ಇಟ್ಟುಕೊಂಡಿರಿ. ಸರ್ವರ್ ಡೌನ್ ಆದ ದಿನವೂ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ ನಾಮಿನಿ. ಸ್ಕ್ಯಾನರ್ ಯಜಮಾನರ ಹೆಸರಲ್ಲಿ, ಫೋನ್ ಲಾಕ್ ಅವರ ಬೆರಳಿಗೆ. ಅವರಿಗೆ ಏನಾದರೂ ಆದರೆ ಗಲ್ಲಾದ ಬೀಗವಾದರೂ ಒಡೆಯಬಹುದಿತ್ತು, ಇದನ್ನು ಏನು ಮಾಡುತ್ತೀರಿ? ಅವರು ಹೋದ ಮೇಲೆ ಪಿನ್ ಗೊತ್ತಿದೆ ಅಂತ ಮನೆಯವರು ಆ ಫೋನಿಂದ ದುಡ್ಡು ತೆಗೆಯುವುದೂ ಸರಿಯಲ್ಲ, ಮುಂದೆ ತಕರಾರಾಗುತ್ತದೆ. 2025ರ ನವೆಂಬರ್ 1ರಿಂದ ಒಂದು ಅಕೌಂಟಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತಲೂ ಬರೆಯಬಹುದು. ಮೂರೂ ಅಕೌಂಟಿಗೆ ಬೇರೆ ಬೇರೆ ಫಾರಂ ಕೊಡಬೇಕು. ಕೊಟ್ಟ ಮೇಲೆ ಸೀಲ್ ಹಾಕಿದ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ, ಪಾಸ್‌ಬುಕ್ಕಲ್ಲಿ ನಾಮಿನೇಷನ್ ಆಗಿದೆ ಅಂತ ಪ್ರಿಂಟ್ ಬಂದಿದೆಯಾ ನೋಡಿ. ಊಟದ ಹೊತ್ತಿಗೆ ಹೋಗಬೇಡಿ, ಹನ್ನೊಂದು ಗಂಟೆ ಸುಮಾರಿಗೆ ಹೋದರೆ ಕೆಲಸ ಬೇಗ ಆಗುತ್ತದೆ.